ಡಬ್ಬಿ ಇಲ್ಲದ ಮನೆಯ ಪಾಯಸ

ಗ್ವಾಯಾಬೋ ಓಣಿಯ ಹದಿನಾಲ್ಕು ಮನೆಗಳಲ್ಲಿ ಆಹಾರ ಎಸೆಯುವವರು ಒಬ್ಬರೂ ಇಲ್ಲ. ಇದು ಓಣಿಯವರೇ ಬಾಯಿಬಿಟ್ಟು ಹೇಳಿ ಬರೆಸಿದ್ದು. ರಾಜಧಾನಿಯ 'ಸ್ವಚ್ಛ ಅಡುಗೆಮನೆ ಪ್ರತಿಷ್ಠಾನ'ದಿಂದ ಬಂದಿದ್ದ ಯುಡೆಲ್ಕಾ ಎಂಬ, ಹೆಸರಿನ ಮುಂದೆ 'ಲಿಸೆನ್ಸಿಯಾದಾ' ಎಂದು ಪದವಿ ಹಚ್ಚಿಕೊಂಡ ಓದಿದ ಹೆಣ್ಣುಮಗಳು ಕಾಗದ ಹಿಡಿದು ಮನೆಮನೆಗೆ ಹೋಗಿ, "ವಾರಕ್ಕೆ ಎಷ್ಟು ಆಹಾರ ಎಸೀತೀರಿ?" ಎಂದು ಕೇಳಿದಾಗ ಹದಿನಾಲ್ಕು ಮನೆಯವರೂ ಎದೆಯ ಮೇಲೆ ಕೈಯಿಟ್ಟು, "ಒಂದಗುಳೂ ಇಲ್ಲ" ಎಂದರು. ಓಣಿಯ ತುದಿಯ ಕಸದ ತೊಟ್ಟಿಯ ಪಕ್ಕ ಮಲಗಿದ್ದ ನಾಯಿಗಳು ಹೊಟ್ಟೆಭಾರಕ್ಕೆ ಎದ್ದು ಬೊಗಳಲಾರದೆ ಬಿದ್ದಿದ್ದವು. ಅದನ್ನು ಬರೆದುಕೊಳ್ಳಲು ಆ ಕಾಗದದಲ್ಲಿ ಜಾಗವಿರಲಿಲ್ಲ.

"ಹಾಗಾದ್ರೆ ಅಡುಗೆಮನೇಲಿ ದೊಡ್ಡ ಪಾಪ ಯಾವುದು?" ಎಂಬುದು ಎರಡನೆಯ ಪ್ರಶ್ನೆ. ಎಲ್ಲರೂ ಒಂದೇ ಬಾಯಲ್ಲಿ, "ಪ್ಲಾಸ್ಟಿಕ್ಕು!" ಎಂದರು. ತಮ್ಮ ಪಾಪವನ್ನು ಇನ್ನೊಬ್ಬರ ತಲೆಗೆ ಕಟ್ಟಬೇಕೆಂದರೆ ಪ್ಲಾಸ್ಟಿಕ್ಕಿನಷ್ಟು ಅನುಕೂಲದ ವಸ್ತು ಬೇರೊಂದಿಲ್ಲ. ಅದು ತಿರುಗಿ ಮಾತಾಡುವುದಿಲ್ಲ.

ಎಲ್ಲರಿಗಿಂತ ಜೋರಾಗಿ ಹೇಳಿದವನು ಒಂಬತ್ತನೆಯ ಮನೆಯ ದೋನ್ ಎರಾಸ್ಮೋ. ಇವನು ಪೇಟೆಯ ನೋಟರಿ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಮುದ್ರೆ ಒತ್ತುತ್ತಿದ್ದ ಗುಮಾಸ್ತ. ಊರಿನವರ ಮನೆ, ಜಮೀನು, ಮದುವೆ, ಮರಣ ಎಲ್ಲವಕ್ಕೂ ಇವನದೇ ಮುದ್ರೆ. ಆದರೆ ಅಷ್ಟು ಕಾಗದಗಳ ಪೈಕಿ ಒಂದರಲ್ಲಾದರೂ ಇವನ ಹೆಸರಿರಲಿಲ್ಲ. ಇದ್ದ ಮನೆ ಹೆಂಡತಿ ಬೆಲ್ಕಿಸ್‌ಳ ಹೆಸರಲ್ಲಿತ್ತು, ಕರೆಂಟಿನ ಮೀಟರ್ ಸತ್ತುಹೋದ ಮಾವನ ಹೆಸರಲ್ಲಿತ್ತು. ಹೀಗಿರುವಾಗ ಯುಡೆಲ್ಕಾ ಕಾಗದ ಮಡಿಸುತ್ತ, "ಓಣಿಗೊಂದು ಮಾದರಿ ಮನೆ ಆರಿಸ್ತೀವಿ. ಪವಿತ್ರ ವಾರದ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದು ನೋಡ್ತೀನಿ. ಗೆದ್ದವರ ಗೋಡೆಗೆ ಹಿತ್ತಾಳೆ ಫಲಕ" ಎಂದಳು.

"ಫಲಕದಲ್ಲಿ ಹೆಸರಿರತ್ತಾ?" ಎರಾಸ್ಮೋ ಒಂದು ಹೆಜ್ಜೆ ಮುಂದೆ ಬಂದ.

"ಇರತ್ತೆ. ಯಜಮಾನರ ಹೆಸರು."

"ಅಪ್ಪನ ಮನೆತನದ ಹೆಸರೂ?"

"ಅದೂ."

"ಅಮ್ಮನ ಮನೆತನದ್ದೂ?"

"ಜಾಗ ಸಾಕಾದ್ರೆ ಅದೂ."

ಎರಾಸ್ಮೋ ಪಿಚಾರ್ದೋ ಅಲ್ಮಾನ್ಸಾರ್. ಆ ಹೊತ್ತಿಗೇ ಅವನ ಕಣ್ಣಿಗೆ ಗೋಡೆಯ ಮೇಲೆ ಅಷ್ಟುದ್ದದ ಹೆಸರು ಫಳಫಳ ಹೊಳೆಯಿತು. ಜನ ಸಣ್ಣಪುಟ್ಟ ವಸ್ತುಗಳಿಗೆ ತಲೆ ಕೆಡಿಸಿಕೊಳ್ಳುವುದು ನೋಡಿದ್ದೇವೆ, ಆದರೆ ಅಂಗೈಯಗಲದ ಹಿತ್ತಾಳೆಗೆ ಇಷ್ಟು ಪೂರ್ತಿಯಾಗಿ ಕೆಡಿಸಿಕೊಂಡವರು ಕಡಿಮೆ.

ಮಾರನೆಯ ದಿನ ಬೆಲ್ಕಿಸ್ ತನ್ನ ಸಲೂನಿಗೆ ಹೋದದ್ದೇ ತಡ, ಅವನು ಅಡುಗೆಮನೆಗೆ ನುಗ್ಗಿದ. ಕಪಾಟಿನಲ್ಲಿ, ಮಂಚದಡಿಯಲ್ಲಿ, ಬಚ್ಚಲ ಅಟ್ಟದಲ್ಲಿ ಅವಳು ಹನ್ನೊಂದು ವರ್ಷದಿಂದ ತೊಳೆದು ಒರೆಸಿ ಕೂಡಿಟ್ಟ ಐಸ್‌ಕ್ರೀಂ ಡಬ್ಬಿ, ಮಾರ್ಗರಿನ್ ಡಬ್ಬಿ ಎಲ್ಲವನ್ನೂ ಮೂಟೆ ಕಟ್ಟಿ, ಹಳೇ ಸಾಮಾನು ಕೊಳ್ಳಲು ಧ್ವನಿವರ್ಧಕದಲ್ಲಿ ಕೂಗುತ್ತ ಬಂದ ಲಾರಿಗೆ ಏರಿಸಿಬಿಟ್ಟ. ಸಂಜೆ ಬೆಲ್ಕಿಸ್ ಬಂದು ಕಪಾಟು ತೆರೆದಳು, ಮುಚ್ಚಿದಳು, ತಪ್ಪು ಕಪಾಟು ತೆರೆದೆನೇನೋ ಎಂದು ಇನ್ನೊಮ್ಮೆ ತೆರೆದಳು.

"ಎರಾಸ್ಮೋ, ನನ್ನ ಡಬ್ಬಿಗಳೆಲ್ಲಿ?"

"ಮನೆಯಿಂದ ಪಾಪ ಹೊರಗೆ ಹಾಕಿದೆ."

"ನಿನ್ನ ಪಾಪಕ್ಕಿಷ್ಟು! ಪವಿತ್ರ ವಾರ ಬಂತು. ಹದಿಮೂರು ಮನೆಗೆ ಪಾಯಸ ಯಾವುದರಲ್ಲಿ ಕಳಿಸ್ಲಿ? ನಿನ್ನ ಟೋಪೀಲಾ?"

"ಗಾಜಿನ ಪಾತ್ರೆ, ಮಣ್ಣಿನ ಪಾತ್ರೆ... ನಮ್ಮ ಹಿರಿಯರು..."

"ನಿಮ್ಮ ಹಿರಿಯರು ಅಡುಗೆಮನೆ ಯಾವ ದಿಕ್ಕಿಗಿದೆ ಅಂತ ನೋಡಿದ್ರಾ? ಈ ಸಲ ನಾನು ಒಲೆ ಹಚ್ಚಲ್ಲ. ಓಣಿಗೆ ನೀನೇ ಉತ್ತರ ಕೊಡು."

ಇದು ಸಣ್ಣ ಬೆದರಿಕೆಯಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಆ ಓಣಿಯಲ್ಲಿ ಪ್ರತಿ ಮನೆಯಲ್ಲೂ ಮಗು ಮುಳುಗುವಷ್ಟು ದೊಡ್ಡ ಪಾತ್ರೆಯಲ್ಲಿ ಕೆಂಪು ಹಬಿಚುವೇಲಾ ಕಾಳು ಬೇಯುತ್ತದೆ. ಅದನ್ನು ಅರೆದು ಸೋಸಿ, ತೆಂಗಿನ ಹಾಲು, ಸಕ್ಕರೆ, ದಾಲ್ಚಿನ್ನಿ, ಸಿಹಿಗೆಣಸು ಹಾಕಿ ಪಾಯಸ ಮಾಡುತ್ತಾರೆ. ಮಾಡಿದ್ದನ್ನು ಡಬ್ಬಿಗಳಿಗೆ ತುಂಬಿ ಉಳಿದ ಹದಿಮೂರು ಮನೆಗೆ ಕಳಿಸುತ್ತಾರೆ, ಆ ಹದಿಮೂರು ಮನೆಯಿಂದ ಹದಿಮೂರು ಡಬ್ಬಿ ವಾಪಸ್ಸು ಬರುತ್ತವೆ. ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಬಂದ ಡಬ್ಬಿಯನ್ನು ಖಾಲಿ ಮರಳಿಸುವಂತೆಯೂ ಇಲ್ಲ. ಇಷ್ಟು ಪಾಯಸವನ್ನು ಯಾರು ತಿನ್ನುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ, ಏಕೆಂದರೆ ಉತ್ತರ ತೊಟ್ಟಿಯ ಪಕ್ಕ ಮಲಗಿರುತ್ತದೆ.

ಎರಾಸ್ಮೋ ಹೆದರಲಿಲ್ಲ. ಅವನು ಕೊಲ್ಮಾದೋಗೆ ಹೋಗುವ ರೀತಿಯೇ ಈಗ ಬದಲಾಯಿತು. ಅದು ಓಣಿಯ ಮೂಲೆಯ ಅಂಗಡಿ, ಯಜಮಾನ ವಿನಿಸಿಯೋ.

"ವಿನಿಸಿಯೋ, ಒಂದು ಬಿಸ್ಕತ್ ಪೊಟ್ಟಣ. ಬಿಚ್ಚಿ ಕೊಡು."

"ಬಿಚ್ಚೋದಾ? ಮನೆಗೆ ಹೋಗಿ ಬಿಚ್ಚಿಕೊಳ್ಳಿ ದೋನ್ ಎರಾಸ್ಮೋ, ಕೈಗೇನಾಗಿದೆ?"

"ಪ್ಲಾಸ್ಟಿಕ್ಕು ನನ್ನ ಮನೆ ಹೊಸ್ತಿಲು ದಾಟಬಾರದು. ಬ್ರೆಡ್ಡೂ ಹಾಗೇ ಕೊಡು. ಚೀಸೂ."

"ಚೀಸು ಯಾವುದರಲ್ಲಿ ಒಯ್ತೀರಿ?"

ಎರಾಸ್ಮೋ ಜೇಬಿನಿಂದ ಕರವಸ್ತ್ರ ತೆಗೆದ. ವಿನಿಸಿಯೋ ಆ ಕರವಸ್ತ್ರವನ್ನು ನೋಡಿದ, ಚೀಸನ್ನು ನೋಡಿದ, ಅಂಗಡಿ ಮುಂದೆ ಡಾಮಿನೋ ಆಡುತ್ತಿದ್ದವರನ್ನು ನೋಡಿದ. "ನೀವೆಲ್ಲ ಸಾಕ್ಷಿ ಕಣ್ರಪ್ಪ. ನಾಳೆ ಇವರಿಗೆ ಹೊಟ್ಟೆ ಕೆಟ್ರೆ ನನ್ನ ಚೀಸಿನ ತಪ್ಪಲ್ಲ."

ಪೊಟ್ಟಣ ಬಿಚ್ಚಿ ಪ್ಲಾಸ್ಟಿಕ್ಕನ್ನು ಅಂಗಡಿಯ ಕಟ್ಟೆಯ ಮೇಲೇ ಬಿಟ್ಟು ಎರಾಸ್ಮೋ ಎದೆ ಸೆಟೆಸಿ ಮನೆಗೆ ನಡೆದ. ತನ್ನ ಕಸವನ್ನು ವಿನಿಸಿಯೋನ ಕಸವಾಗಿ ಮಾಡಿದರೆ ಭೂಮಿ ತಣ್ಣಗಿರುತ್ತದೆಂದು ಅವನ ನಂಬಿಕೆ. ಬಿಸ್ಕತ್ತು ಸಂಜೆಗೇ ಮೆತ್ತಗಾಗಿ ಒದ್ದೆ ರಟ್ಟಿನಂತಾಯಿತು. ಬ್ರೆಡ್ಡಿಗೆ ಮೂರನೆಯ ದಿನ ಹಸಿರು ಗಡ್ಡ ಬಂತು, ಚೀಸು ಬಾಗಿಲಿಗೆ ಅಡ್ಡ ಇಡುವಷ್ಟು ಗಟ್ಟಿಯಾಯಿತು. ಅವನ್ನೆಲ್ಲ ಅವನು ಯಾರೂ ನೋಡದಂತೆ ಹಿಂದಿನ ಗೋಡೆಯಾಚೆ ತೂರಿಬಿಡುತ್ತಿದ್ದ. ಅದು ಎಸೆಯುವುದಲ್ಲವೇ ಎಂದು ಬೆಲ್ಕಿಸ್ ಕೇಳಿದರೆ, "ಅಲ್ಲ, ಅದು ಮಣ್ಣಿಗೆ ಸೇರೋದು. ಪ್ಲಾಸ್ಟಿಕ್ಕಾಗಿದ್ರೆ ಸೇರ್ತಿತ್ತಾ?" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ. ಗೋಡೆಯಾಚೆ ಮಣ್ಣಿರಲಿಲ್ಲ, ಸಿಮೆಂಟು ಹಾಕಿಸಿದ್ದರು.

ಪವಿತ್ರ ವಾರ ಶುರುವಾಗುವ ಗರಿಗಳ ಭಾನುವಾರದಿಂದ ಡಬ್ಬಿಗಳು ಬರತೊಡಗಿದವು. ಅಷ್ಟರಲ್ಲಿ ಎರಾಸ್ಮೋ ಬಾಗಿಲಿಗೆ, "ಈ ಮನೆಗೆ ಪ್ಲಾಸ್ಟಿಕ್ಕಿಗೆ ಪ್ರವೇಶವಿಲ್ಲ" ಎಂದು ಕಚೇರಿಯ ಕಾಗದದಲ್ಲಿ ಬರೆದು, ಅಭ್ಯಾಸಬಲದಿಂದ ಕೆಳಗೆ ಮುದ್ರೆಯನ್ನೂ ಒತ್ತಿ ಅಂಟಿಸಿದ್ದ. ಮೊದಲು ಬಂದವಳು ಎದುರು ಮನೆಯ ದೋನ್ಯಾ ತೋಮಾಸಿನಾ. ಎಪ್ಪತ್ತು ದಾಟಿದ ಈಕೆ ಓಣಿಗೆ ಹಿರಿಯಳು. ಅರ್ಧ ಓಣಿಯನ್ನು ಚರ್ಚಿನಲ್ಲಿ ಎತ್ತಿ ಹಿಡಿದ ಜ್ಞಾನಸ್ನಾನದ ತಾಯಿ, ಉಳಿದರ್ಧಕ್ಕೆ ಭಯ. ಪಾಯಸವನ್ನು ಎರಡು ಸಲ ಸೋಸುವವಳು, ಮೇಲೆ ಮರಗೆಣಸಿನ ರೊಟ್ಟಿಯ ಚೂರು ಹಾಕುವವಳು, ಒಣದ್ರಾಕ್ಷಿ ಕಂಡರೆ ಉರಿದುಬೀಳುವವಳು.

"ಏನಪ್ಪಾ ಇದು ಬಾಗಿಲಿಗೆ? ನನ್ನ ಕೈ ಕೊಳಕಾಗಿದೆಯಾ?"

"ಅಯ್ಯೋ ಅಮ್ಮಾ, ಕೈಗಲ್ಲ, ಡಬ್ಬಿಗೆ. ಒಂದು ನಿಮಿಷ ಇಲ್ಲೇ ನಿಲ್ಲಿ."

ಅವನು ಒಳಗಿಂದ ದೊಡ್ಡ ಅಲ್ಯೂಮಿನಿಯಂ ಪಾತ್ರೆ ತಂದು ಹೊಸ್ತಿಲಲ್ಲಿಟ್ಟ. ತೋಮಾಸಿನಾಳ ಪಾಯಸವನ್ನು ಅದಕ್ಕೆ ಸುರಿದುಕೊಂಡು, ಬಳಿದ ಡಬ್ಬಿಯನ್ನು ಎರಡೂ ಕೈಯಿಂದ ಅವಳಿಗೇ ಮರಳಿಸಿದ.

ಮುದುಕಿ ಖಾಲಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎಪ್ಪತ್ತೊಂದು ವರ್ಷಕ್ಕೆ ಮೊದಲನೇ ಸಲ ನನ್ನ ಕೈಗೆ ಖಾಲಿ ಡಬ್ಬಿ ಬಂತು" ಎಂದು, ಎರಾಸ್ಮೋಗಲ್ಲ, ಓಣಿಗೆ ಕೇಳುವಂತೆ ಹೇಳಿ ಹೊರಟುಹೋದಳು.

ಅವಳ ಬೆನ್ನಿಗೇ ಮೂರನೇ ಮನೆಯ ನೆರಿಸ್ ಬಂದಳು. ನೆರಿಸ್‌ಳ ಪಾಯಸದಲ್ಲಿ ಕಾಳಿಗಿಂತ ಒಣದ್ರಾಕ್ಷಿ ಹೆಚ್ಚು. ಒಂಬತ್ತು ವರ್ಷದ ಹಿಂದೆ ತೋಮಾಸಿನಾ ಅದನ್ನು ನೋಡಿ, "ನೊಣ ಬಿದ್ದಿದೆ" ಎಂದಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಪಾಯಸ ಕಳಿಸುತ್ತಾರೆ, ಅದು ಸಂಪ್ರದಾಯ, ಆದರೆ ಮುಖ ನೋಡುವುದಿಲ್ಲ. ಎರಾಸ್ಮೋ ಅವಳದನ್ನೂ ಅದೇ ಪಾತ್ರೆಗೆ ಸುರಿದುಕೊಂಡ. ಹೀಗೆ ಮಂಗಳವಾರದ ಹೊತ್ತಿಗೆ ಗಟ್ಟಿ ಪಾಯಸ, ನೀರು ಪಾಯಸ, ಲವಂಗದ ಪಾಯಸ, ಸೀದ ಪಾಯಸ, ಒಂಬತ್ತು ವರ್ಷದ ಜಗಳ ಎಲ್ಲವೂ ಒಂದೇ ಪಾತ್ರೆಯಲ್ಲಿ ಕೂಡಿಕೊಂಡವು. ಹದಿಮೂರು ಡಬ್ಬಿ ಖಾಲಿಯಾಗಿ ಮನೆಮನೆಗೆ ಮರಳಿದವು.

ಪಾತ್ರೆ ಫ್ರಿಜ್ಜಿನೊಳಗೆ ಹಿಡಿಸಲಿಲ್ಲ. ಅದೇನೂ ನಷ್ಟವಾಗಲಿಲ್ಲ, ಏಕೆಂದರೆ ಮಂಗಳವಾರ ಮಧ್ಯಾಹ್ನವೇ ಕರೆಂಟು ಹೋಯಿತು. ಬುಧವಾರ ಸಂಜೆ ಓಣಿಗೆ ಓಣಿಯೇ, "ಬಂತೂ ಕರೆಂಟು!" ಎಂದು ಕೂಗುವ ಹೊತ್ತಿಗೆ ಪಾತ್ರೆಯ ಮೇಲೆ ಒಂದೊಂದೇ ಗುಳ್ಳೆ ಎದ್ದು ಒಡೆಯುತ್ತಿತ್ತು.

"ನಾಳೆ ಹತ್ತು ಗಂಟೆಗೆ ನಿನ್ನ ಲಿಸೆನ್ಸಿಯಾದಾ ಬರ್ತಾಳೆ" ಎಂದಳು ಬೆಲ್ಕಿಸ್, ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತ. "ಇದನ್ನ ಏನು ಮಾಡ್ತೀಯ? ಗೋಡೆಯಾಚೆ ಸುರೀತೀಯಾ?"

ಸುರಿದರೆ ವಾಸನೆ ಮೂರು ಓಣಿಗೆ ಹೋಗುತ್ತದೆ, ಫಲಕ ಇನ್ನೊಬ್ಬರ ಗೋಡೆಗೆ ಹೋಗುತ್ತದೆ. ಇಟ್ಟುಕೊಂಡರೆ ಯುಡೆಲ್ಕಾಳೇ ಮುಚ್ಚಳ ತೆಗೆದು ನೋಡುತ್ತಾಳೆ. ಬಹಳ ಹೊತ್ತು ಯೋಚಿಸಿದ ಮೇಲೆ ಎರಾಸ್ಮೋನ ಮುಖ ಬೆಳಗಿತು. ಇಂಥವರ ಮುಖ ಬೆಳಗಿದಾಗ ಅಕ್ಕಪಕ್ಕದವರು ಎಚ್ಚರವಾಗಿರಬೇಕು.

"ಓಣಿಗೆ ನಾವಿನ್ನೂ ಪಾಯಸ ಕಳಿಸೇ ಇಲ್ಲ, ಅಲ್ವಾ?"

ಬೆಲ್ಕಿಸ್‌ಳ ಕೈಯಲ್ಲಿದ್ದ ಕುಂಚ ಉಗುರು ಬಿಟ್ಟು ಬೆರಳಿನ ಮೇಲೆ ಹೋಯಿತು. "ಅವರ ಪಾಯಸ ಅವರಿಗೇನಾ?"

"ಬೆರೆಸಿದ ಮೇಲೆ ಯಾರದು ಅಂತ ಹೇಗೆ ಗೊತ್ತಾಗತ್ತೆ? ಪಾಯಸ ಪಾಯಸವೇ."

ಹೆಣ್ಣುಮಕ್ಕಳ ಕೈಯಡುಗೆ ತಿಂದು ಐವತ್ತು ವರ್ಷ ಬದುಕಿದ ಗಂಡಸು ಇಂಥ ಮಾತು ಆಡಬಲ್ಲ. ಒಮ್ಮೆಯಾದರೂ ಮಾಡಿದವನು ಆಡಲಾರ.

ಗುರುವಾರ ಬೆಳಿಗ್ಗೆ ಪಾಯಸವನ್ನು ಮತ್ತೆ ಕುದಿಸಿ, ಒಂದು ಮುಷ್ಟಿ ಸಕ್ಕರೆ ಸುರಿದು, ಪಾತ್ರೆಯನ್ನು ಕೈಗಾಡಿಯ ಮೇಲೇರಿಸಿಕೊಂಡು ಅವನು ಓಣಿಗಿಳಿದ. "ಪಿಚಾರ್ದೋ ಮನೆ ಪಾಯಸ! ಡಬ್ಬಿ ಇಲ್ಲ, ಪ್ಲಾಸ್ಟಿಕ್ಕಿಲ್ಲ! ನಿಮ್ಮ ನಿಮ್ಮ ಬಟ್ಟಲು ತನ್ನಿ!" ಎಂದು ಕೂಗಿದ. ಜನ ಬಟ್ಟಲು ಹಿಡಿದು ಬಂದರು. ಖಾಲಿ ಡಬ್ಬಿಯ ಅವಮಾನ ಇದರಿಂದಾದರೂ ತೊಳೆದೀತು ಎಂದು ದೋನ್ಯಾ ತೋಮಾಸಿನಾಳೂ ಬಂದಳು. ಒಂದು ಚಮಚ ಬಾಯಿಗಿಟ್ಟಳು, ನಾಲಿಗೆಯ ಮೇಲೆ ಹೊರಳಿಸಿದಳು.

"ಈ ದಾಲ್ಚಿನ್ನಿ ನನ್ನದು."

"ಪೇಟೇಲಿ ಸಿಗೋ ದಾಲ್ಚಿನ್ನಿ ಅಮ್ಮಾ, ಎಲ್ಲರದೂ ಒಂದೇ..."

"ಮರಗೆಣಸಿನ ರೊಟ್ಟಿ ನನ್ನದು. ಎರಡು ಸಲ ಸೋಸಿದ್ದು ನನ್ನ ಕೈ." ಅಷ್ಟರಲ್ಲಿ ಅವಳ ಹಲ್ಲಿಗೆ ಏನೋ ಸಿಕ್ಕಿತು. ಬೆರಳಿಂದ ತೆಗೆದು ಬಿಸಿಲಿಗೆ ಹಿಡಿದಳು. ಒಣದ್ರಾಕ್ಷಿ. "ಓಹೋ! ನನ್ನ ಪಾಯಸಕ್ಕೆ ಆ ನೊಣ ಹಾಕಿದ್ದು ಯಾರು?"

"ನೊಣ ಅಂತೆ ನೊಣ!" ನೆರಿಸ್ ಬಟ್ಟಲು ಹಿಡಿದೇ ಮುಂದೆ ಬಂದಳು. ಆಮೇಲೆ ಅವಳೂ ಒಂದು ಚಮಚ ತಿಂದಳು. ಮುಖ ಬದಲಾಯಿತು. "ದೋನ್ ಎರಾಸ್ಮೋ! ಭಾನುವಾರ ನಾನು ಕೊಟ್ಟಿದ್ದನ್ನ ಈಕೆಯ ಗಂಜೀಲಿ ಕಲಸಿ ನನಗೇ ತಿನ್ನಿಸ್ತಿದೀರಾ?"

"ಗಂಜಿ ಅಂದ್ಯಾ?"

"ಅಂದೆ! ಆದ್ರೆ ಅದು ಆಮೇಲೆ ನೋಡ್ಕೊಳ್ಳೋಣ ದೋನ್ಯಾ, ಮೊದಲು ಇವನನ್ನ ವಿಚಾರಿಸೋಣ."

"ಸರಿ ಕಣೇ. ಮೊದಲು ಇವನು."

ಒಂಬತ್ತು ವರ್ಷದಲ್ಲಿ ಅವರಿಬ್ಬರೂ ಆಡಿದ ಮೊದಲ ಮಾತು ಅದು. ಪಾದ್ರಿಗಳಿಂದ ಆಗದ ರಾಜಿಯನ್ನು ಎರಾಸ್ಮೋ ಒಂದು ಸೌಟಿನಲ್ಲಿ ಮಾಡಿಸಿದ್ದ, ಆದರೆ ಅದರ ಕೀರ್ತಿ ಅನುಭವಿಸುವ ಸ್ಥಿತಿಯಲ್ಲಿರಲಿಲ್ಲ. ಈಗ ಪ್ರತಿ ಬಟ್ಟಲಿನಿಂದಲೂ ಕೂಗೆದ್ದಿತು. "ನನ್ನ ಲವಂಗ!" "ನನ್ನ ಗೆಣಸು, ನಾನು ಚೌಕಚೌಕ ಕತ್ತರಿಸೋದು!" "ಸೀದದ್ದು ಯಾರದು?" ಆ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ. ಗಾಡಿ ಹಿಂದೆ ಹಿಂದೆ ಸರಿಯುತ್ತ ಅವನ ಬಾಗಿಲಿಗೇ ಬಂದು ನಿಂತಿತು. ಹದಿಮೂರು ಮನೆಯ ಹೆಂಗಸರು ಬಟ್ಟಲು ಎತ್ತಿ ಹಿಡಿದು ಸುತ್ತುವರಿದರು. ವಿನಿಸಿಯೋ ಅಂಗಡಿ ಹಾಗೇ ಬಿಟ್ಟು ನೋಡಲು ಬಂದ.

ಸರಿಯಾಗಿ ಆಗ ಲಿಸೆನ್ಸಿಯಾದಾ ಯುಡೆಲ್ಕಾ ಕಾರಿನಿಂದಿಳಿದಳು. ನಡುಮಧ್ಯಾಹ್ನಕ್ಕೆ ಕಚೇರಿಗೆ ಬೀಗ ಬಿದ್ದು ರಜೆ ಶುರುವಾಗುವುದರಲ್ಲಿತ್ತು, ಸಮುದ್ರತೀರದಲ್ಲಿ ಅವಳಿಗೆ ಕೋಣೆ ಕಾದಿರಿಸಿತ್ತು. ಓಣಿಯನ್ನು ನೋಡಿ ಅವಳು ಕಣ್ಣರಳಿಸಿದಳು.

"ದೇವರೇ! ಇಡೀ ಓಣಿ ತಮ್ಮ ತಮ್ಮ ಪಾತ್ರೇಲಿ ಹಂಚಿಕೊಂಡು ತಿಂತಿದೆ! ಒಂದಾದರೂ ಡಬ್ಬಿ ಇಲ್ಲ! ಅಮ್ಮಾ, ನೀವು ಹೀಗೇ ಬಟ್ಟಲು ಮೇಲೆತ್ತಿ. ಸ್ವಲ್ಪ ನಗಿ."

"ನಗೋದಾ?" ಎಂದಳು ತೋಮಾಸಿನಾ. "ಇವನು ನಮ್ಮ ಪಾಯಸ ನಮಗೇ..."

"ಅದೇ, ಅದೇ! ಎಲ್ಲರದೂ ಎಲ್ಲರಿಗೂ!" ಯುಡೆಲ್ಕಾ ಮೂರು ಫೋಟೋ ತೆಗೆದಳು. ಅಡುಗೆಮನೆಗೆ ಹೋಗಿ ಕಪಾಟು ತೆರೆದಳು. ಪ್ಲಾಸ್ಟಿಕ್ ಸೊನ್ನೆ. ಮೂಗಿಗೆ ಕರವಸ್ತ್ರ ಹಿಡಿದು ಫ್ರಿಜ್ಜು ತೆರೆದಳು, ಬೇಗ ಮುಚ್ಚಿದಳು. ಅವಳ ಕಾಗದದಲ್ಲಿ ವಾಸನೆಗೆ ಖಾನೆ ಇರಲಿಲ್ಲ. ಎಸೆದ ಆಹಾರದ ಖಾನೆಯಲ್ಲಿ ಎರಾಸ್ಮೋ ಆಗಲೇ ಹೇಳಿದ್ದು ಬರೆದಾಗಿತ್ತು. ಕಾರಿನಲ್ಲಿ ತಂದಿದ್ದ ಕೈಯಂತ್ರದಿಂದ ಹೆಸರು ಕೆತ್ತಿ, ಹತ್ತೂವರೆಗೆ ಫಲಕ ಗೋಡೆಯ ಮೇಲಿತ್ತು: "ಮಾದರಿ ಮನೆ. ಎರಾಸ್ಮೋ ಪಿಚಾರ್ದೋ ಅಲ್ಮಾನ್ಸಾರ್. ಇಲ್ಲಿ ಆಹಾರ ವ್ಯರ್ಥವಾಗುವುದಿಲ್ಲ."

ಎರಾಸ್ಮೋನ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ನೀರೇ. ಅವನು ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

ಬಟ್ಟಲು ಹಿಡಿದವರು ಫಲಕದ ಸುತ್ತ ಸೇರಿದರು. ಅವರ ನಡುವಿಂದ ತೋಮಾಸಿನಾ ಬಹಳ ಮೆತ್ತಗೆ ಕೇಳಿದಳು. "ಲಿಸೆನ್ಸಿಯಾದಾ ಮಗಳೇ, ಈ ಫಲಕ ಇರೋ ಮನೆ ಕೆಲಸ ಏನಮ್ಮಾ?"

"ನೆರೆಯವರಿಗೆ ದಾರಿ ತೋರಿಸೋದು ಅಮ್ಮಾ."

"ನಮ್ಮನೇಲಿ ಏನಾದ್ರೂ ಮಿಕ್ಕಿ ಹಾಳಾಗೋ ಹಾಗಿದ್ರೆ ಇಲ್ಲಿಗೆ ತಂದುಕೊಡಬಹುದಾ?"

"ಖಂಡಿತಾ ತರಬೇಕು! ಅದಕ್ಕೇ ತಾನೆ ಮಾದರಿ ಮನೆ. ಬೇಡ ಅನ್ನೋ ಹಾಗಿಲ್ಲ, ಅಲ್ವಾ ದೋನ್ ಎರಾಸ್ಮೋ?"

"ಬೇಡ ಅನ್ನೋದಾ? ಛೆ ಛೆ!" ಎಂದ ದೋನ್ ಎರಾಸ್ಮೋ, ಫಲಕದಿಂದ ಕಣ್ಣು ಕೀಳದೆ. ತೋಮಾಸಿನಾ ನೆರಿಸ್‌ಳನ್ನು ನೋಡಿದಳು, ನೆರಿಸ್ ತೋಮಾಸಿನಾಳನ್ನು ನೋಡಿದಳು. ಇಬ್ಬರೂ ಕೈ ಕೈ ಹಿಡಿದುಕೊಂಡು ಹೋದರು.

ಶುಭ ಶುಕ್ರವಾರ ಮತ್ತೆ ಕರೆಂಟು ಹೋಯಿತು. ಓಣಿಯ ಪ್ರತಿ ಫ್ರಿಜ್ಜಿನಲ್ಲೂ ಹನ್ನೆರಡು ಮನೆಯ ಪಾಯಸ ಬೆಚ್ಚಗಾಯಿತು. ಬೇರೆ ವರ್ಷಗಳಲ್ಲಾಗಿದ್ದರೆ ಅದು ಸದ್ದಿಲ್ಲದೆ ತೊಟ್ಟಿಯ ದಾರಿ ಹಿಡಿಯುತ್ತಿತ್ತು. ಈ ವರ್ಷ ಶನಿವಾರ ಬೆಳಿಗ್ಗೆ ಎಂಟಕ್ಕೆ ಎರಾಸ್ಮೋನ ಬಾಗಿಲು ತಟ್ಟಿದ ಸದ್ದಾಯಿತು. ದೋನ್ಯಾ ತೋಮಾಸಿನಾ ಬಕೆಟ್ ಹಿಡಿದು ನಿಂತಿದ್ದಳು. ಹಿಂದೆ ನೆರಿಸ್, ಅವಳ ಹಿಂದೆ ಮಗುವಿಗೆ ಸ್ನಾನ ಮಾಡಿಸುವ ತೊಟ್ಟಿಯಲ್ಲಿ ಪಾಯಸ ತುಂಬಿಕೊಂಡ ಇಬ್ಬರು, ಅವರ ಹಿಂದೆ ಇಡೀ ಓಣಿ.

"ಡಬ್ಬೀಲಿ ತಂದಿಲ್ಲಪ್ಪಾ" ಎಂದಳು ತೋಮಾಸಿನಾ. "ನಿನ್ನ ನಿಯಮ ನಮಗೆ ಗೊತ್ತು."

"ಇಷ್ಟೊಂದು ನಾನು..."

"ಎಸೆದ್ರೆ ಪಾಪ ಅಲ್ವಾ? ಗೋಡೆ ಮೇಲೆ ಬರೆದಿದೆ, ಓದಕ್ಕೆ ಬರತ್ತೆ ನಮಗೆ."

ಪಾಯಸದ ಹಿಂದೆ ಉಳಿದದ್ದೂ ಬಂತು. ಒಣಗಿದ ಬ್ರೆಡ್ಡು, ತಳ ಹಿಡಿದ ಅನ್ನದ ಹಕ್ಕಳೆ, ಮೂರು ದಿನದ ಉಪ್ಪುಮೀನು. ವಿನಿಸಿಯೋ ದಿನಾಂಕ ಮೀರಿದ ಇಪ್ಪತ್ತು ಪೊಟ್ಟಣ ಹಾಲನ್ನು ಅಲ್ಲೇ ಒಂದೊಂದಾಗಿ ಬಿಚ್ಚಿ ಸುರಿದು, ಖಾಲಿ ಪೊಟ್ಟಣಗಳನ್ನು ಭಕ್ತಿಯಿಂದ ಮಡಿಸಿ ಕಂಕುಳಲ್ಲಿಟ್ಟುಕೊಂಡು ವಾಪಸ್ಸು ಹೋದ. ಎರಾಸ್ಮೋನ ಮನೆಯಲ್ಲಿ ಪಾತ್ರೆ ಮುಗಿದು, ಹೂದಾನಿ ಮುಗಿದು, ಬಚ್ಚಲ ತೊಟ್ಟಿ ತುಂಬಿತು. ಅಂದು ಓಣಿಯ ಹದಿಮೂರು ಮನೆಯವರು ಮೊದಲ ಸಲ ಯುಡೆಲ್ಕಾಳ ಕಾಗದಕ್ಕೆ ಸತ್ಯವಂತರಾದರು. ತೊಟ್ಟಿಯ ಪಕ್ಕದ ನಾಯಿಗಳು ಎದ್ದು ಬೊಗಳತೊಡಗಿದವು.

ಈಸ್ಟರ್ ಭಾನುವಾರ ಪೂಜೆ ಮುಗಿದು ಜನ ಮನೆಗೆ ಬರುವ ಹೊತ್ತಿಗೆ ಎರಾಸ್ಮೋ ಸ್ಕ್ರೂ ಬಿಚ್ಚಿ ಫಲಕ ಕೈಯಲ್ಲಿ ಹಿಡಿದಿದ್ದ. ಮೊದಲು ನೆರಿಸ್‌ಳ ಮನೆಗೆ ಹೋದ. "ನೆರಿಸ್, ನಿಜ ಹೇಳ್ಬೇಕಂದ್ರೆ ಇದು ನಿಮಗೇ ಸಲ್ಲಬೇಕಾದ್ದು."

"ಅಯ್ಯೋ, ನಮ್ಮ ಗೋಡೇಲಿ ಜಾಗ ಎಲ್ಲಿದೆ ದೋನ್ ಎರಾಸ್ಮೋ."

ಐದನೇ ಮನೆಯವರು ಮೊಳೆ ಇಲ್ಲ ಎಂದರು. ಆರನೆಯವರು ಬಾಗಿಲೇ ತೆರೆಯಲಿಲ್ಲ, ಒಳಗೆ ರೇಡಿಯೋ ಹಾಡುತ್ತಿತ್ತು. ಯಾರು ಏನು ಕೊಟ್ಟರೂ ಬೇಡ ಎನ್ನದ ಓಣಿ ಒಂದೊಂದೇ ಮನೆಯಾಗಿ ಬೇಡ ಎಂದಿತು. ಕೊನೆಗೆ ತೋಮಾಸಿನಾ ಫಲಕವನ್ನು ಕೈಗೆ ತೆಗೆದುಕೊಂಡು, ತನ್ನ ಲಂಗದ ಅಂಚಿನಿಂದ ಅವನ ಹೆಸರನ್ನು ಚೆನ್ನಾಗಿ ಉಜ್ಜಿ, ಹೊಳಪು ಬರಿಸಿ, ಅವನ ಕೈಗೇ ಇಟ್ಟಳು.

"ನಿನ್ನ ಹೆಸರು ಕೆತ್ತಿದ್ದಾರಲ್ಲಪ್ಪಾ. ಇದನ್ನ ನಾವು ಹೇಗೆ ಇಟ್ಕೊಳ್ಳೋದು?"

ಅವನು ಮನೆಗೆ ಬಂದ. ಬೆಲ್ಕಿಸ್ ಹೊಸ ಉಡುಪು ತೊಟ್ಟು ತಾಯಿಯ ಮನೆಗೆ ಊಟಕ್ಕೆ ಹೊರಟು ನಿಂತಿದ್ದಳು. ಮೇಜಿನ ಮೇಲೆ ಬಕೆಟ್ಟುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಳು. ಗಂಡನ ಒಂದು ಕೈಯಿಂದ ಫಲಕ ತೆಗೆದು ಇನ್ನೊಂದು ಕೈಗೆ ಚಮಚ ಕೊಟ್ಟಳು, ಕುರ್ಚಿ ಎಳೆದು ಕೂರಿಸಿದಳು.

"ಮೊದಲು ಈ ಬಕೆಟ್ಟಿಂದು ತಿನ್ನು, ಎರಾಸ್ಮೋ" ಎಂದಳು. "ಇದು ಸಂಜೆವರೆಗೂ ಇರಲ್ಲ."